ಆ ಹೂಗೊನೆಗಳು ಉದುರಿರಲಿಲ್ಲ

ಬಳ್ಳಿಯ ಹೂಗೊನೆಗಳನ್ನು ಕತ್ತರಿಸಿದವಳು ನಾನು. ಅವು ತಾವಾಗಿ ಉದುರಲಿಲ್ಲ. ಯಾರ ಕೈ ತಾಗಿಯೂ ಉದುರಲಿಲ್ಲ. ಬ್ಲೇಡು ಹಿಡಿದು, ತೊಟ್ಟಿನ ಬುಡಕ್ಕೆ ಸರಿಯಾಗಿ, ಒಂದೊಂದಾಗಿ ಕತ್ತರಿಸಿ ತೆಗೆದವಳು ನಾನು.

ಬರೆದು ನೋಡಿದರೆ ಎಷ್ಟು ಚಿಕ್ಕ ಮಾತು. ಇದನ್ನು ಹೇಳಲಾರದೆ ಇಷ್ಟು ವರ್ಷ ಏಕೆ — ಇರಲಿ. ಮೊದಲು ಆದದ್ದನ್ನು ಆದಂತೆ ಹೇಳಿಬಿಡುತ್ತೇನೆ.

ನಾನೀಗ ಬೇಲೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಿನ, ಹೂವು ಹೇಗೆ ಕಾಯಾಗುತ್ತದೆ ಎಂದು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ದೂರ ಇದ್ದವರು ಮುಟ್ಟಿದ್ರೆ ಹೂವು ಉದುರೋಯ್ತದಂತೆ. ಅರಸೀಕೆರೇಲಿ ಯಾರದೋ ಮನೆ ಸೊಸೆ ಹಿಂಗೇ ಬಳ್ಳಿ ಮುಟ್ಟಿ, ಮೊಗ್ಗೆಲ್ಲ ಉದುರಿ, ಆ ವರ್ಷಾನೇ ಅವರ ತಾಯಿ ಸತ್ತೋದ್ರಂತೆ. ನಮ್ಮಜ್ಜಿ ಹೇಳ್ತಾರೆ."

ಪಕ್ಕದವಳು ಲಂಗ ಎಳೆದು ಅವಳನ್ನು ಕೂರಿಸಿದಳು. ತರಗತಿ ಕಿಸಕ್ಕನೆ ನಕ್ಕಿತು. ತಿಂಗಳ ಮೂರು ದಿನ ಹೆಂಗಸರು ಮನೆಯೊಳಗೆ ಬಾರದೆ ಬೇರೆ ಕೂರುವುದನ್ನು ನಮ್ಮ ಕಡೆ 'ದೂರ ಇರುವುದು' ಎನ್ನುತ್ತಾರೆ. ಅದನ್ನು ಶಾಲೆಯಲ್ಲಿ ಹೀಗೆ ಎದ್ದು ನಿಂತು ಹೇಳುವವರುಂಟೇ ಎಂಬ ನಗು. ನಾನು ಹಲಗೆಯ ಕಡೆ ತಿರುಗಿಕೊಂಡೆ. ಸುಮ್ಮನೆ ಒಂದು ಹೂವಿನ ಚಿತ್ರ ಬರೆದೆ. ಕಥೆ ಬೇಲೂರಿನವರೆಗೆ ಬಂದಿದೆ — ಇನ್ನೂ ಎಲ್ಲೆಲ್ಲಿಗೆ ಹೋಗಿದೆಯೋ.

ಆ ಸೊಸೆ ನನ್ನ ಅತ್ತಿಗೆ ಹೊನ್ನಮ್ಮ. ನನ್ನ ಅಣ್ಣನ ಹೆಂಡತಿ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಅಪ್ಪ ತೀರಿಹೋದ ಮೇಲೆ ಮಂಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಮನೆಯನ್ನೂ ಅಣ್ಣನನ್ನೂ ಅಮ್ಮ ನೋಡಿಕೊಳ್ಳುತ್ತಿದ್ದಳು. ಅತ್ತಿಗೆಯ ತವರು ಬೇಲೂರಿನಾಚೆ, ಅರೇಹಳ್ಳಿಗೆ ಹತ್ತಿರದ ಹಳ್ಳಿ. ಮದುವೆ ಅಲ್ಲಿಯೇ ನಡೆಯಿತು. ಊಟದ ಗಡಿಬಿಡಿಯಲ್ಲಿ ಯಾರೋ ನಮ್ಮ ಕಡೆಯ ಹೆಂಗಸರನ್ನು ಎರಡನೆಯ ಪಂಕ್ತಿಗೆ ಕೂರಿಸಿದರು. ಗಂಡಿನ ಕಡೆಯವರನ್ನು ಎರಡನೆಯ ಪಂಕ್ತಿಗೆ! ಅಮ್ಮ ಎಲೆಯ ಮುಂದೆ ಕೂತಳು, ಅನ್ನ ಬಡಿಸುವವರೆಗೆ ಕಾದಳು, ಬಡಿಸಿದ ಮೇಲೆ ಎದ್ದುಬಿಟ್ಟಳು. ಬೀಗರು ಎಷ್ಟು ಕೇಳಿಕೊಂಡರೂ ಮತ್ತೆ ಕೂರಲಿಲ್ಲ. ಸೊಸೆಯನ್ನು ಮನೆ ತುಂಬಿಸಿಕೊಂಡವಳು ತವರಿಗೆ ಮಾತ್ರ ಕಳಿಸಲಿಲ್ಲ. ಅತ್ತಿಗೆಯ ಅಣ್ಣ ಕರೆಯಲು ಬಂದಾಗಲೆಲ್ಲ ಕೊಬ್ಬರಿ ಕಾಲ, ಯಾರದೋ ಮದುವೆ, ತನ್ನ ಮಂಡಿನೋವು — ಏನಾದರೊಂದು ಇರುತ್ತಿತ್ತು.

ಮದುವೆಯ ಗಾಡಿ ಹೊರಡುವಾಗ ಅತ್ತಿಗೆಯ ತಾಯಿ ಮಗಳ ಮಡಿಲು ತುಂಬಿ, ಅಕ್ಕಿಯ ಗಂಟಿನ ಕೆಳಗೆ ಇನ್ನೊಂದು ಚಿಕ್ಕ ಗಂಟನ್ನು ತುರುಕಿದ್ದರು. ನಮ್ಮ ಮನೆಗೆ ಬಂದು ಮಡಿಲು ಬಿಚ್ಚಿದಾಗ ಅದು ಹೊರಬಿತ್ತು: ಒದ್ದೆ ಗೋಣಿಯಲ್ಲಿ ಸುತ್ತಿದ, ಮಣ್ಣು ಮೆತ್ತಿದ ಒಂದು ಗೆಡ್ಡೆ.

"ಏನೇ ಇದು, ಗೆಣಸಾ? ನಿಮ್ಮ ಕಡೆ ಮಡಿಲಿಗೆ ಗೆಣಸು ಕಟ್ತಾರಾ?" ಎಂದಳು ಅಮ್ಮ.

"ದ್ರಾಕ್ಷಿ ಅತ್ತೆ. ಕಾಡುದ್ರಾಕ್ಷಿ. ನಮ್ಮ ಬೇಲಿ ಮೇಲೆ ಐತೆ."

"ದ್ರಾಕ್ಷಿ ಮಣ್ಣೊಳಗೆ ಬಿಡ್ತದಾ ನಿಮ್ಮೂರಲ್ಲಿ!"

ಕೂತ ಹೆಂಗಸರೆಲ್ಲ ನಕ್ಕರು. ಅತ್ತಿಗೆಯೂ ತಲೆ ಬಗ್ಗಿಸಿಕೊಂಡು ನಕ್ಕರು. ನಗು ಮುಗಿಯುವುದರೊಳಗೆ ಗೆಡ್ಡೆಯನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಿದ್ದರು.

ಹಿತ್ತಲಿನ ಕಲ್ಲುಗೋಡೆಯ ಬದಿಯಲ್ಲಿ, ಬಚ್ಚಲ ನೀರು ಹರಿಯದ ಕಡೆ, ಅದನ್ನು ನೆಟ್ಟರು. ಆ ಬಳ್ಳಿಯ ಸ್ವಭಾವ ತೋಟದ ದ್ರಾಕ್ಷಿಯದಲ್ಲ. ಮೊದಲ ಮಳೆ ಬಿದ್ದು ಮಣ್ಣು ನೆನೆದ ಮೇಲೆ ಗೆಡ್ಡೆಯಿಂದ ಕೆಂಪು ಮೊಳಕೆ ಏಳುತ್ತದೆ. ಒಂದೇ ತಿಂಗಳಲ್ಲಿ ಆಳೆತ್ತರ ಹೋಗುತ್ತದೆ. ಮಳೆ ಹೋಗಿ ಚಳಿ ಬಂದರೆ ಎಲೆ ಹಳದಿಯಾಗಿ, ಕಾಂಡವೇ ಒಣಗಿ ಬಿದ್ದುಹೋಗುತ್ತದೆ. ಬೇಸಗೆಯಲ್ಲಿ ನೆಲದ ಮೇಲೆ ಏನೂ ಇರುವುದಿಲ್ಲ. ಮೊದಲನೆಯ ವರ್ಷ ಹಾಗಾದಾಗ ಅಣ್ಣ ಅಲ್ಲಿ ತೆಂಗಿನ ಸಿಪ್ಪೆ ಒಟ್ಟಿಸಹೊರಟಿದ್ದ. ಅತ್ತಿಗೆ ಅಡ್ಡ ನಿಂತರು. ಬೇಸಗೆಯುದ್ದಕ್ಕೂ ಆ ಜಾಗದ ಮೇಲೆ ಒಂದು ಒಡೆದ ಮಡಕೆ ಬೋರಲು ಹಾಕಿದ್ದರು, ಯಾರೂ ತುಳಿಯದಿರಲೆಂದು. ನೀರು ಹಾಕುತ್ತಿರಲಿಲ್ಲ. ಹಾಕಲು ಹೋದವರಿಗೆ "ಬ್ಯಾಡಿ, ಅದು ಮಲಗೈತೆ" ಎನ್ನುತ್ತಿದ್ದರು.

ಎರಡನೆಯ ಮಳೆಗಾಲಕ್ಕೆ ಬಿದಿರ ಗಳ ನಿಲ್ಲಿಸಿ, ತೆಂಗಿನ ನಾರಿನ ಹುರಿಯಿಂದ ಚಪ್ಪರ ಕಟ್ಟಿದರು. ಬೆಳಿಗ್ಗೆ ಎದ್ದೊಡನೆ ಚಪ್ಪರದ ಕೆಳಗೆ. ಹೊಸದಾಗಿ ಚಾಚಿದ ಸುರುಳಿಕುಡಿಗೆ ಹುರಿ ಸಿಗುವಂತೆ ಮಾಡುವುದು, ಎಲೆಯ ಮೇಲೆ ಬೂದಿ ಉದುರಿಸುವುದು, ಬೆರಳುದಪ್ಪದ ಕೊಂಬಿನ ಹುಳುಗಳನ್ನು ಎಲೆಯಲ್ಲಿ ಹಿಡಿದು ಗೋಡೆಯಾಚೆ ಎಸೆಯುವುದು. ಕೊಲ್ಲುತ್ತಿರಲಿಲ್ಲ. ಆ ವರ್ಷವೂ ಬರೀ ಎಲೆ.

ಆಗಲೇ ಅಮ್ಮ ಆ ಮಾತಾಡಿದ್ದು. ನಮ್ಮ ಬೀದಿಯ ಕೊನೆಯ ಮನೆಯ ಸಿದ್ದಮ್ಮ — ಅವರದು ಊರಾಚೆ ವೀಳ್ಯದೆಲೆಯ ತೋಟ — ಎಲೆಯ ಕಟ್ಟು ಕೊಡಲು ಬಂದವರು ಹಿತ್ತಲಿನಲ್ಲಿ ಅಮ್ಮನೊಡನೆ ನಿಂತಿದ್ದರು.

"ಏನು ಹೊನ್ನಮ್ಮ, ಬರೀ ಎಲೇನೇ ಮೇಯಿಸ್ತೀಯಾ ನಿಮ್ಮತ್ತೆಗೆ?" ಎಂದರು ಸಿದ್ದಮ್ಮ.

ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಈ ಕಾಡುಬಳ್ಳಿ ನಮ್ಮ ತೆಂಗಿನ ಸೀಮೇಲಿ ಹಣ್ಣು ಬಿಡೋದನ್ನ ನಾನೂ ನೋಡೇಬಿಡ್ತೀನಿ. ಬಿಟ್ಟ ದಿನ ನಾನೇ ಬುಟ್ಟಿ ತುಂಬಿ, ಇವಳ ತಲೆ ಮೇಲೆ ಹೊರಿಸಿ ತವರಿಗೆ ಕಳಿಸ್ತೀನಿ. ತಿಂದು ಬೀಗಿತ್ತಿ ನಾಲಗೆ ತುರಿಸ್ಕಳ್ಳಿ."

"ಅಕ್ಕ, ನಾನು ಕೇಳಿಸ್ಕಂಡಿದೀನಿ. ಆಮೇಲೆ ಮಾತು ತಿರುವಂಗಿಲ್ಲ."

"ಯಾವತ್ತು ತಿರುವಿದೀನೇ ನಾನು?"

ತಮಾಷೆಯೇ. ಆದರೆ ಅಮ್ಮ ಆಡಿದ ಮಾತಿಗೆ ತಪ್ಪುವವಳಲ್ಲವೆಂದು ಅರಸೀಕೆರೆಯ ಸಂತೆಗೆಲ್ಲ ಗೊತ್ತಿತ್ತು. ಅತ್ತಿಗೆ ನಗಲಿಲ್ಲ. ಅವರ ಮುಖ ನಾನು ನೋಡಿದೆ, ನೋಡಿ ತಿಳಿದುಕೊಂಡೆ. ಇದನ್ನು ಏಕೆ ಬರೆಯುತ್ತಿದ್ದೇನೆಂದರೆ — ಗೊತ್ತಿರಲಿಲ್ಲ ಎಂದು ಮುಂದೆ ನಾನು ಹೇಳುವಂತಿಲ್ಲ.

ಮೂರನೆಯ ಬೇಸಗೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಅರೇಹಳ್ಳಿಯ ಕಡೆಯಿಂದ ಸಂತೆಗೆ ಬಂದವರು ಅತ್ತಿಗೆಯ ತಾಯಿಗೆ ಕಾಲು ಬಾತಿದೆ, ಉಸಿರು ಹಿಡಿಯುತ್ತದೆ ಎಂದು ಹೇಳಿಹೋಗಿದ್ದರು. ಅತ್ತಿಗೆ ಅಮ್ಮನನ್ನು ಏನೂ ಕೇಳಲಿಲ್ಲ. ಮಡಕೆ ಎತ್ತಿ ನೋಡುತ್ತಿದ್ದರು — ಮೊಳಕೆ ಬಂತೇ ಎಂದು.

ಆ ವರ್ಷ ಮಳೆ ಬೇಗ ಬಂತು. ಬಳ್ಳಿಯೂ ಬೇಗ ಎದ್ದಿತು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಹೋದಾಗ ಅತ್ತಿಗೆ ಕೈಬೀಸಿ ಕರೆದರು.

"ಶಾಂತಮ್ಮ, ಒಂಚೂರು ಬನ್ನಿ. ಬೆರಳು ತೋರಿಸಬ್ಯಾಡಿ. ಬರೀ ಕಣ್ಣಲ್ಲಿ ನೋಡಿ."

ದೊಡ್ಡ ಎಲೆಗಳ ಮರೆಯಲ್ಲಿ, ಎಲೆಯ ಎದುರಿಗೆ, ಹೂಗೊನೆಗಳು ಹೊರಟಿದ್ದವು. ಹೆಚ್ಚೇನಿಲ್ಲ, ನಾಲ್ಕೇ ಗೊನೆ. ಒಳ್ಳೆಯ ಹೂವೆಂದು ಯಾರೂ ಹೇಳುವಂಥದಲ್ಲ — ಸಾಸಿವೆ ಗಾತ್ರದ ಮೊಗ್ಗುಗಳು, ಇಟ್ಟಿಗೆಯ ಬಣ್ಣ. ಒಂದು ವಿಶೇಷವಿತ್ತು: ಗೊನೆಯ ತೊಟ್ಟಿನಿಂದಲೇ ಒಂದು ಸುರುಳಿಕುಡಿ ಹೊರಟಿತ್ತು. ಹೂವೂ ಹಿಡಿತವೂ ಒಂದೇ ತೊಟ್ಟಿನಲ್ಲಿ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ.

"ಅತ್ತೆಗೆ ಈಗ್ಲೇ ಹೇಳಬ್ಯಾಡಿ. ಕಾಯಿ ಕಚ್ಚಲಿ. ಆಮೇಲೆ ನಾನೇ ಕರ್ಕಂಡ್ ಬಂದು ತೋರಿಸ್ತೀನಿ."

"ಹೇಳುವುದಿಲ್ಲ ಅತ್ತಿಗೆ" ಎಂದೆ.

ಹೇಳಲಿಲ್ಲ. ಆ ಮಾತನ್ನು ಉಳಿಸಿಕೊಂಡೆ.

ಈಗ ನನ್ನ ವಿಷಯ. ನಮ್ಮ ತರಗತಿಯಲ್ಲಿ ಹುಡುಗಿಯರು ಇಬ್ಬರೇ. ರಜೆಯಲ್ಲಿ ಊರ ಸುತ್ತಿನ ಕಾಡುಗಿಡಗಳ ಮಾದರಿ ತರಬೇಕೆಂದು ಅಧ್ಯಾಪಕರು ಹೇಳಿದ್ದರು. ಹೂವಿಲ್ಲದ ಮಾದರಿ ಮಾದರಿಯೇ ಅಲ್ಲ ಎಂದೂ ಹೇಳಿದ್ದರು. ಹುಡುಗರು ಬಾಬಾಬುಡನ್‌ಗಿರಿಗೆ ಹೋಗುತ್ತಾರೆ, ಕೊಡಗಿಗೆ ಹೋಗುತ್ತಾರೆ. ನಾನು ನಮ್ಮ ಹಿತ್ತಲು ಬಿಟ್ಟು ಎಲ್ಲಿಗೆ ಹೋಗಲಿ? ಆ ಹಿತ್ತಲಿನಲ್ಲಿಯೇ ಇದು ಇತ್ತು. ಒಂದು ಗೊನೆ ಕೊಡಿ ಎಂದು ಅತ್ತಿಗೆಯನ್ನು ಕೇಳಬಹುದಿತ್ತು. ಕೊಡುತ್ತಿದ್ದರು ಎಂದೇ ಈಗ ಅನ್ನಿಸುತ್ತದೆ. ಆದರೆ ಕೇಳುವುದೆಂದರೆ ಏಕೆ ಬೇಕು, ಏನು ಮಾಡುತ್ತೀಯ ಎಂದೆಲ್ಲ ಹೇಳಬೇಕು. ಅವರು ಒಂದು ಕ್ಷಣ ಹಿಂಜರಿಯುವುದನ್ನು ನಿಂತು ನೋಡಬೇಕು. ಚಿಕ್ಕಂದಿನಿಂದಲೂ ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅದನ್ನು ಎಲ್ಲರೂ ನನ್ನ ಒಳ್ಳೆಯ ಗುಣ ಎನ್ನುತ್ತಿದ್ದರು.

ಮೈಸೂರಿಗೆ ಹೊರಡುವ ವಾರ ಬಂತು. ಒಂದು ಬೆಳಿಗ್ಗೆ ಎಂದಿನಂತೆ ಕುಡಿ ಕಟ್ಟಿ ಬಂದ ಅತ್ತಿಗೆಗೆ, ತಾವು ದೂರ ಇರಬೇಕಾಗಿದೆ ಎಂದು ಗೊತ್ತಾಯಿತು. ಮುಖ ಸಣ್ಣಗಾಯಿತು. ಜಗಲಿಯ ಪಕ್ಕದ ಕೋಣೆಗೆ ಹೋಗಿ ಕೂತರು. ಆ ಮೂರು ದಿನ ಹಿತ್ತಲಿಗೆ ಅವರು ಬರುವಂತಿರಲಿಲ್ಲ.

ಮಧ್ಯಾಹ್ನ ಅಮ್ಮ ಮಲಗಿದ್ದಳು. ನಾನು ಬ್ಲೇಡು ತೆಗೆದುಕೊಂಡು ಹೋದೆ. ಒಂದೇ ಒಂದು ಗೊನೆ ಎಂದುಕೊಂಡೇ ಹೋದೆ. ಕತ್ತರಿಸುವಾಗ ಕೈ ತಪ್ಪಿ ಸುರುಳಿಕುಡಿ ಮುರಿಯಿತು. ಅದು ಇಲ್ಲದೆ ಮಾದರಿಗೆ ಅರ್ಥವಿಲ್ಲ, ಇನ್ನೊಂದು ಕತ್ತರಿಸಿದೆ. ಅದು ಸರಿಯಾಗಿ ಬಂತು. ಮೊಗ್ಗು ಸೀಳಿ ನೋಡಲು ಬೇಕಾಗಬಹುದೆಂದು ಮತ್ತೊಂದು. ಆಮೇಲೆ ನಿಂತು ನೋಡಿದೆ. ಒಂದು ಉಳಿದಿತ್ತು.

ಇಲ್ಲಿಯವರೆಗಿನದನ್ನು ದುರಾಸೆ ಎನ್ನಬಹುದು, ಅವಿವೇಕ ಎನ್ನಬಹುದು. ಮುಂದಿನದಕ್ಕೆ ಆ ಹೆಸರು ಸಾಲದು. ಆ ಒಂದು ಗೊನೆ ಉಳಿದರೆ ಅತ್ತಿಗೆ ಉಳಿದವೆಲ್ಲಿ ಎಂದು ಕೇಳುತ್ತಾರೆ. ಎಲ್ಲವೂ ಹೋದರೆ ತಾವಾಗಿ ಉದುರಿಹೋದವು ಎಂದುಕೊಳ್ಳುತ್ತಾರೆ. ಈ ಲೆಕ್ಕ ನನ್ನ ತಲೆಯಲ್ಲಿ ಪೂರ್ತಿಯಾಗಿ, ಸ್ಪಷ್ಟವಾಗಿ ನಡೆಯಿತು. ಕೊನೆಯದನ್ನು ಕತ್ತರಿಸಿದ್ದು ಮಾದರಿಗಲ್ಲ. ಮುಚ್ಚಿಡುವುದಕ್ಕೆ. ಆ ಒಂದರಲ್ಲಿ ಹಣ್ಣಾಗಿದ್ದರೂ ಸಾಕಿತ್ತು — ಬುಟ್ಟಿ ತುಂಬದಿದ್ದರೂ ಅಮ್ಮ ಮಾತು ತಪ್ಪುತ್ತಿರಲಿಲ್ಲ.

ನಾಲ್ಕನೆಯ ದಿನ ಅತ್ತಿಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲಿಯೇ ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನೇ ಹೋದೆ. ಎಲೆ ಎತ್ತಿ, ಎಲೆ ಎತ್ತಿ ನೋಡುತ್ತಿದ್ದರು. ಆಮೇಲೆ ನೆಲದಲ್ಲಿ ಹುಡುಕಿದರು.

"ಉದುರೋಗವೆ ಶಾಂತಮ್ಮ."

ಮಣ್ಣು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದರು.

"ಅವತ್ತು ಬೆಳಿಗ್ಗೆ ಗೊತ್ತಿಲ್ದೆ ಮುಟ್ಟಿಬಿಟ್ಟೆ. ಕುಡಿ ಕಟ್ಟಿದ್ದೆ. ದೂರ ಆಗಿದೀನಿ ಅಂತ ಆಮೇಲೆ ಗೊತ್ತಾಯ್ತು. ಎಲೆತೋಟದೊಳಿಕ್ಕೆ ಅದಕ್ಕೇ ಬಿಡಲ್ಲ ನಮ್ಮನ್ನ. ಬಳ್ಳಿ ಜಾತಿಯೆಲ್ಲ ಒಂದೇ ಅಲ್ವಾ..."

"ಮುಟ್ಟಿದರೆ ಹೂವು ಉದುರುವುದಿಲ್ಲ ಅತ್ತಿಗೆ. ಅದೆಲ್ಲ ಸುಳ್ಳು. ಅದಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ."

ಇದೇ ನಾನು ಹೇಳಿದ ಮಾತು. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇಂದಿಗೂ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ. ಸತ್ಯವನ್ನು ಹೇಳಿ ಸತ್ಯವನ್ನು ಮುಚ್ಚಬಹುದೆಂದು ನನಗೆ ಅಂದು ತಿಳಿಯಿತು. ತಿಳಿದು ಸಮಾಧಾನವಾಯಿತು ಎಂಬುದನ್ನೂ ಹೇಳಬೇಕು. ಅವರು ನನ್ನ ಮುಖ ನೋಡಿದರು — ಕರುಣೆಯಿಂದ. ನಾನು ತಮ್ಮನ್ನು ಸಂತೈಸುತ್ತಿದ್ದೇನೆ ಎಂದುಕೊಂಡಿದ್ದರು.

ಆ ವಾರವೇ ಮೈಸೂರಿಗೆ ಹೋದೆ. ಕಾಗದದ ನಡುವೆ ಒತ್ತಿಟ್ಟ ಮಾದರಿ ಮಳೆಯ ತೇವಕ್ಕೆ ಬೂಷ್ಟು ಹಿಡಿದಿತ್ತು. ಒರೆಸಿ ಅಧ್ಯಾಪಕರಿಗೆ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ನೋಡಿ, "ಇದು ನಮ್ಮಲ್ಲಿ ಆಗಲೇ ಇದೆಯಲ್ಲಮ್ಮ, ಸಾಮಾನ್ಯ ಗಿಡ. ನಿಮ್ಮದು ಕೆಟ್ಟಿದೆ ಬೇರೆ" ಎಂದು ಮೃದುವಾಗಿ ಹೇಳಿ ಪಕ್ಕಕ್ಕಿಟ್ಟರು. ಸಂಜೆ ಕಸದೊಡನೆ ಗುಡಿಸಿಹಾಕಿದರೋ ಏನೋ. ನಾನು ಕೇಳಲಿಲ್ಲ.

ಅತ್ತಿಗೆ ಪರಿಹಾರ ಕೇಳಲು ಸಿದ್ದಮ್ಮನ ಬಳಿ ಹೋಗಿದ್ದರಂತೆ. ಎಲೆತೋಟದವರಿಗೆ ಇಂಥದೆಲ್ಲ ಗೊತ್ತಿರುತ್ತದೆ ಎಂದು. ಹೀಗೆ ಬೀದಿಗೆಲ್ಲ ತಿಳಿಯಿತು. ಸಿದ್ದಮ್ಮ ಕೆಟ್ಟವರಲ್ಲ. ಮಾತು ಬಾಯಲ್ಲಿ ನಿಲ್ಲದವರು, ಅಷ್ಟೇ.

ದಸರೆಗೆ ಮನೆಗೆ ಬಂದೆ. ಪೆಟ್ಟಿಗೆ ಕೆಳಗಿಡುವ ಮೊದಲೇ ಅಮ್ಮ ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ನಾನೇ ಸೋತೆ ಕಣೇ. ಹಣ್ಣೂ ಬ್ಯಾಡ, ಬುಟ್ಟೀನೂ ಬ್ಯಾಡ, ನಿಮ್ಮಮ್ಮನ್ನ ನೋಡ್ಕಂಡು ಬಾ ಅಂದೆ. ಆಯಮ್ಮ ಹಾಸಿಗೆ ಹಿಡಿದವ್ಳಂತೆ. ಎಂಥ ಹಟ ನನ್ದು, ಒಂದು ಪಂಕ್ತಿ ಊಟಕ್ಕೆ... ಗಾಡಿ ಕಟ್ಟಿಸ್ತೀನಿ ಅಂದ್ರೂ ಇವಳು ಒಲ್ಲೆ ಅಂತಾಳೆ! ನನ್ನ ಮಾತು ಕೇಳಲ್ಲ, ಗಂಡನ ಮಾತು ಕೇಳಲ್ಲ. ನೀನು ಓದಿದವಳು, ನೀನಾದ್ರೂ ಹೇಳು ಹೋಗು."

ಅತ್ತಿಗೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದರು. ಬಳ್ಳಿಯ ಎಲೆ ಆಗಲೇ ಹಳದಿ ತಿರುಗುತ್ತಿತ್ತು. ಚಪ್ಪರದ ಒಂದು ಹುರಿ ಕಡಿದು ಜೋತುಬಿದ್ದಿತ್ತು, ಯಾರೂ ಕಟ್ಟಿರಲಿಲ್ಲ.

"ಹೋಗಿ ಬನ್ನಿ ಅತ್ತಿಗೆ. ಅಮ್ಮನೇ ಹೇಳುತ್ತಿದ್ದಾಳಲ್ಲ" ಎಂದೆ.

ಅವರು ಅಂಗೈ ಎರಡನ್ನೂ ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಹೋಗಿ ಏನು ಮಾಡ್ಲಿ? ಈ ಕೈಲಿ ನೀರು ಕುಡಿಸ್ಲಾ? ಕಾಲು ಒತ್ಲಾ? ನಮ್ಮವ್ವ ಮಡಿಲಿಗೆ ಕಟ್ಟಿ ಕೊಟ್ಟಿದ್ದೇ ಈ ಕೈಲಿ ಉಳೀಲಿಲ್ಲ. ಕಾಯಿಲೆ ಮಲಗಿರೋ ಜೀವ... ಏನಾರ ಆದ್ರೆ? ಮುಂದಿನ ಮಳೇಲಿ ಹೂವು ಬಿಡಲಿ. ನನ್ನ ಕೈ ಚೊಕ್ಕ ಆಯ್ತು ಅಂತ ಗೊತ್ತಾಗ್ಲಿ. ಅವತ್ತು ಹೋಗ್ತೀನಿ."

ನಾನು ಪಾಠ ಹೇಳಿದೆ. ಪರಾಗ ಎಂದರೇನು, ಅಂಡಾಶಯ ಎಂದರೇನು, ಮೊಗ್ಗು ಉದುರಲು ಇರುವ ಕಾರಣಗಳೇನು — ಒಂದೂ ಬಿಡದೆ ಹೇಳಿದೆ. ಅತ್ತಿಗೆ ಚಿಕ್ಕ ಹುಡುಗಿಯಂತೆ ಗಮನವಿಟ್ಟು ಕೇಳಿದರು. ಕೇಳಿ ಮುಗಿಸಿ ಹೇಳಿದರು:

"ಪುಸ್ತಕದಲ್ಲಿ ಅಂಗೇ ಇರ್ಬೋದು. ಆದ್ರೆ ಮೊಗ್ಗು ಇದ್ದಿದ್ದು ನೀವೂ ನೋಡಿದ್ರಿ. ನಾನು ಮುಟ್ಟಿದ ಮೇಲೆ ಹೋಗಿದ್ದು ದಿಟ ಅಲ್ವಾ?"

ಇಲ್ಲ ಎನ್ನಬೇಕಾಗಿತ್ತು. ಅದೊಂದೇ ಮಾತು. ಬಾಯಿಯವರೆಗೆ ಬಂದಿತ್ತು ಎನ್ನಲೂ ನನಗೆ ಧೈರ್ಯವಿಲ್ಲ. ಬಂದಿತ್ತೋ, ಈಗ ಹಾಗೆ ಅನ್ನಿಸುತ್ತಿದೆಯೋ. ಹೇಳಿದರೆ ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ಅಮ್ಮ ಬಂದು ನೋಡುತ್ತಿದ್ದಳು. ಬೀದಿಯಲ್ಲಿ ಓದಿದ ಹುಡುಗಿ, ಗಂಭೀರವಾದ ಹುಡುಗಿ ಎನ್ನಿಸಿಕೊಂಡವಳನ್ನು ಸಿದ್ದಮ್ಮ ನೋಡುತ್ತಿದ್ದರು. ಓದು ನಿಲ್ಲಿಸುತ್ತಿದ್ದರೇ? ಇಲ್ಲ. ಹೊಡೆಯುತ್ತಿದ್ದರೇ? ಇಲ್ಲ. ಬರೀ ನೋಡುತ್ತಿದ್ದರು. ಅಷ್ಟಕ್ಕೆ ಹೆದರಿದೆ.

"ದಿಟ" ಎಂದೆ.

ಅತ್ತಿಗೆಯ ತಾಯಿ ಆ ಚಳಿಗಾಲದಲ್ಲಿ ತೀರಿಕೊಂಡರು. ಬಳ್ಳಿ ಆಗ ಮಣ್ಣಿನ ಕೆಳಗೆ ಮಲಗಿತ್ತು. ಸುದ್ದಿ ಬಂದಾಗ ಅಮ್ಮನೇ ಮುಂದೆ ನಿಂತು ಸೊಸೆಯನ್ನು ಕರೆದುಕೊಂಡು ಹೋದಳು. ಅವರು ತಲುಪುವ ವೇಳೆಗೆ ಎಲ್ಲ ಮುಗಿದಿತ್ತು.

ಮುಂದಿನ ಮಳೆಗಾಲದಲ್ಲಿ ಬಳ್ಳಿ ಹೂವು ಬಿಟ್ಟಿತು. ಹಣ್ಣೂ ಬಿಟ್ಟಿತು. ಆಮೇಲೆ ಪ್ರತಿ ವರ್ಷವೂ ಬಿಟ್ಟಿದೆ. ಅತ್ತಿಗೆ ಅದನ್ನು ಮತ್ತೆ ಮುಟ್ಟಲಿಲ್ಲ. ಹತ್ತಿರ ನಿಂತು, ಎಲ್ಲಿ ಹುರಿ ಕಟ್ಟಬೇಕು, ಯಾವ ಎಲೆಯ ಹಿಂದೆ ಹುಳುವಿದೆ ಎಂದು ಬೇರೆಯವರಿಗೆ ಹೇಳಿ ಮಾಡಿಸುತ್ತಾರೆ. ಹೊಸ ಗಿಡ ಯಾವುದನ್ನೂ ತಮ್ಮ ಕೈಯಾರೆ ನೆಡುವುದಿಲ್ಲ. ಬೇರೆಯವರ ಮನೆಯ ಎಳೆಗೂಸನ್ನು ಎತ್ತಿಕೊಳ್ಳುವುದಿಲ್ಲ. ದೂರದಿಂದಲೇ ಬಾಯಲ್ಲಿ ಮಾತಾಡಿಸುತ್ತಾರೆ. ಇದನ್ನೆಲ್ಲ ರಜೆಗೆ ಹೋದಾಗಲೆಲ್ಲ ನೋಡಿದ್ದೇನೆ. ನೋಡಿ ಬಂದಿದ್ದೇನೆ. ಅಮ್ಮ ಏನೂ ತಿಳಿಯದೆಯೇ ತೀರಿಹೋದಳು. ಅತ್ತಿಗೆಗೆ ಮಗಳು ಹುಟ್ಟಿದಳು. ಅವಳಿಗೀಗ ಓಡಾಡುವ ವಯಸ್ಸು.

ಬೇಲೂರಿನ ತರಗತಿಯಲ್ಲಿ ಆ ಹುಡುಗಿ ಎದ್ದು ನಿಂತ ಮೇಲೂ ನಾನು ತಕ್ಷಣ ಹೋಗಲಿಲ್ಲ. ಈ ಸಲದ ದಸರೆ ರಜೆ ಬರಲಿ ಎಂದುಕೊಂಡೆ. ರಜೆ ಬಂದ ಮೇಲೆ ಒಂದೆರಡು ದಿನ ಬಟ್ಟೆ ಒಗೆದೆ, ಪುಸ್ತಕ ಜೋಡಿಸಿದೆ. ಆಮೇಲೆ ಹಳೇಬೀಡಿನ ಮೇಲೆ ಹೋಗುವ, ಯುದ್ಧ ಶುರುವಾದ ಮೇಲೆ ಪೆಟ್ರೋಲಿನ ಬದಲು ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿದೆ.

ಅತ್ತಿಗೆ ನಡುಮನೆಯಲ್ಲಿ ಮೊರ ಹಿಡಿದು ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅಣ್ಣ ಮಂಡಿಯಲ್ಲಿದ್ದ. ಮಗಳು ಹೊರಗೆ ಆಡುತ್ತಿದ್ದಳು. ಅಡಿಗೆ ಆಗಿತ್ತು, ಸಾರಿನ ವಾಸನೆ ಬರುತ್ತಿತ್ತು. "ಕೈಕಾಲು ತೊಳ್ಕಳಿ, ಬಡಿಸ್ತೀನಿ" ಎಂದರು. ನಾನು ನಿಂತೇ ಹೇಳಿದೆ. ಮೊದಲಿನಿಂದ, ಕೊನೆಯ ಗೊನೆಯನ್ನು ಏಕೆ ಕತ್ತರಿಸಿದೆ ಎಂಬುದನ್ನೂ ಬಿಡದೆ. ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು.

"ಅತ್ತೆಗೆ ಗೊತ್ತಿತ್ತಾ?"

"ಇಲ್ಲ."

"ಅರಳಿತ್ತಾ, ಮೊಗ್ಗೇ ಇತ್ತಾ?"

"ಒಂದರಲ್ಲಿ ಒಂದೆರಡು ಅರಳಿದ್ದವು."

"ಹೆಂಗಿತ್ತು?"

ಹೇಳಿದೆ. ಇಟ್ಟಿಗೆಯ ಬಣ್ಣ, ಒಳಗೆ ಸ್ವಲ್ಪ ಹಸಿರು, ವಾಸನೆಯಿಲ್ಲ. ಅವರು ತಲೆಯಾಡಿಸಿದರು — ತಮಗೆ ಗೊತ್ತಿದ್ದದ್ದೇ ಎಂಬಂತೆ. ಆಮೇಲೆ ತಮ್ಮ ಬಲಗೈಯನ್ನು ಎತ್ತಿ, ಮಗ್ಗುಲು ತಿರುಗಿಸಿ ನೋಡಿಕೊಂಡರು.

"ಅಂಗಾದ್ರೆ ನಾನು ಹೋಗ್ಬೋದಾಗಿತ್ತು" ಎಂದರು.

ಹೋಗಬಹುದಾಗಿತ್ತು. ಗಾಡಿ ಕಟ್ಟಿಸುತ್ತೇನೆ ಎಂದು ಅಮ್ಮ ನಿಂತಿದ್ದಳು. ನಾನು "ಹೌದು" ಎಂದೆ. ಕ್ಷಮಿಸಿ ಎಂಬ ಮಾತನ್ನು ದಾರಿಯುದ್ದಕ್ಕೂ ಹಿಡಿದುಕೊಂಡು ಬಂದಿದ್ದೆ. ಅಲ್ಲಿ ಅದನ್ನು ಆಡಲು ನಾಚಿಕೆಯಾಯಿತು. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಮಾಡಲು ಇರುತ್ತಿತ್ತು.

ಮೊರ ಕೆಳಗಿಟ್ಟು ಎದ್ದರು. ಅಡಿಗೆಮನೆಯ ಬಾಗಿಲವರೆಗೆ ಹೋಗಿ, ಅಲ್ಲಿಯೇ ನಿಂತು, ತಿರುಗದೆ ಹೇಳಿದರು:

"ಮಧ್ಯಾಹ್ನದ ಬಸ್ಸಿಗೆ ಹೊರಟ್ಬಿಡಿ ಶಾಂತಮ್ಮ. ಇವತ್ತು ನಿಮಗೆ ಬಡಿಸಕ್ಕೆ ನನ್ನ ಕೈಲಿ ಆಗಲ್ಲ. ಬಸ್ಸಿಗೆ ಹೋಗ್ತಾ ಸಿದ್ದಮ್ಮನ ಮನೆ ಸಿಗ್ತದಲ್ಲ. ನನಗೊಬ್ಬಳಿಗೆ ಹೇಳಿದ್ರೆ ಆಗಲ್ಲ. ಅಲ್ಲಿ ನಿಂತು ಹೇಳಿ ಹೋಗಿ."

ಚೀಲ ತೆಗೆದುಕೊಂಡು ಹೊರಟೆ.

ಸಿದ್ದಮ್ಮನ ಜಗಲಿಯ ಮೇಲೆ ಹೆಂಗಸರು ಕೂತು ಎಲೆಯ ಕಟ್ಟು ಕಟ್ಟುತ್ತಿದ್ದರು. ಪಕ್ಕದಲ್ಲಿ ಯಾರದೋ ಮನೆಯ ದೊಡ್ಡ ಹುಡುಗಿಯರು. ಎಲ್ಲರ ಮುಖವೂ ಪರಿಚಯದ್ದೇ. ಸಿದ್ದಮ್ಮನಿಗೆ ಈಗ ವಯಸ್ಸಾಗಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಯಾರು, ಶಾಂತವ್ವನಾ? ಬೇಲೂರಿಂದ ಯಾವಾಗ ಬಂದೆ? ಬಂದೋಳು ಇಷ್ಟು ಬೇಗ ಎಲ್ಲಿಗೆ ಹೊರಟೆ? ಅತ್ತಿಗೆ ಊಟಕ್ಕೆ ಇಕ್ಕಲಿಲ್ವಾ?" ಎಂದು ನಕ್ಕರು.

ಬಸ್ಸಿನ ಸದ್ದು ದೂರದಲ್ಲಿ ಕೇಳುತ್ತಿತ್ತು. ಇನ್ನೊಂದು ಸಲ ಹೇಳಿದರಾಯಿತು ಎನ್ನಿಸಿತು. ಹೌದು, ಆಗಲೂ ಹಾಗೆ ಅನ್ನಿಸಿತು.

ಚೀಲವನ್ನು ಮೆಟ್ಟಿಲ ಮೇಲೆ ಇಟ್ಟೆ. ಎಲೆ ಕಟ್ಟುವ ಕೈಗಳು ನಿಂತವು. ಎಲ್ಲರೂ ತಲೆಯೆತ್ತಿ ನನ್ನನ್ನೇ ನೋಡಿದರು. ಅವರು ನೋಡುತ್ತಿದ್ದಂತೆಯೇ ಹೇಳತೊಡಗಿದೆ. ಬಸ್ಸು ಬಂದು, ನಿಂತು, ಹೋಯಿತು.